ಉಂಡವರ ನೆನಪು, ಊಟವಾದವರ ನೆನಪು: ಕನ್ನಡ ಸಾಹಿತ್ಯದಲ್ಲಿ ಬಾಡೂಟ

1

ಮಾಂಸಕ್ಕೆ ಕನ್ನಡದಲ್ಲಿರುವ ಹಳೆಯ ಹೆಸರುಗಳಲ್ಲಿ 'ಅಡಗು' ಒಂದು. ಹಳೆಯ ಮೈಸೂರು ಸೀಮೆಯ ಮನೆಮಾತಿನಲ್ಲಿ ಇಂದಿಗೂ ಉಳಿದಿರುವ ಹೆಸರು 'ಬಾಡು'. ಮೊದಲನೆಯದರ ಉಚ್ಚಾರಣೆಯಲ್ಲಿಯೇ 'ಮರೆಯಾಗು' ಎಂಬ ಅರ್ಥದ ಕ್ರಿಯಾಪದವೊಂದಿದೆ. ಎರಡನೆಯದರಲ್ಲಿ 'ಸೊರಗು' ಎಂಬ ಅರ್ಥದ್ದು. ಇದನ್ನು ವ್ಯುತ್ಪತ್ತಿಯೆಂದು ಮಂಡಿಸುವ ಸಾಹಸ ಬೇಡ. ಇದು ಶಬ್ದಸಾಮ್ಯ ಮಾತ್ರ. ಆದರೂ ನಮ್ಮ ಲಿಖಿತ ಸಾಹಿತ್ಯದಲ್ಲಿ ಮಾಂಸದೂಟದ ನೆನಪಿಗೆ ಒದಗಿದ ಗತಿಯನ್ನು ಕಂಡವರಿಗೆ ಈ ಸಾಮ್ಯ ಮನಸ್ಸಿನಲ್ಲಿ ನಿಲ್ಲುತ್ತದೆ. ಕನ್ನಡ ನಾಡಿನ ಬಹುಸಂಖ್ಯಾತ ಕುಟುಂಬಗಳಲ್ಲಿ ಹಬ್ಬವೆಂದರೆ, ನೆಂಟರು ಬಂದರೆಂದರೆ, ಬಾಣಂತಿ ಎದ್ದಳೆಂದರೆ, ಹಿರಿಯರ ದಿನ ಬಂದಿತೆಂದರೆ ಒಲೆಯ ಮೇಲೆ ಏರುವುದು ಮಾಂಸದ ಎಸರು. ಆ ಎಸರಿನ ವಾಸನೆಯೊಡನೆ ಅಜ್ಜಿಯ ಕೈ, ತಂದೆಯ ಮಾತು, ಪಾಲಿಗೆ ಬಂದ ತುಂಡಿನ ಲೆಕ್ಕ, ಸಿಗದೆ ಹೋದ ತುಂಡಿನ ಮುನಿಸು ಎಲ್ಲವೂ ಹೆಣೆದುಕೊಂಡಿರುತ್ತವೆ. ಇಷ್ಟು ಗಾಢವಾದ ಕೌಟುಂಬಿಕ ಸ್ಮೃತಿ ಸಾವಿರ ವರ್ಷಕ್ಕೂ ಮೀರಿದ ನಮ್ಮ ಕಾವ್ಯಪರಂಪರೆಯಲ್ಲಿ ಎಲ್ಲಿದೆ? ಇದ್ದರೆ ಅದು ಯಾರ ನೆನಪಾಗಿದೆ?

ಈ ಪ್ರಶ್ನೆಯನ್ನು ಕೇಳುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ಆಹಾರವನ್ನು ಕುರಿತ ವಿಮರ್ಶೆ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ನಡೆದಿದೆ. ಒಂದು, ಸೂಪಶಾಸ್ತ್ರ ಗ್ರಂಥಗಳ ಭಕ್ಷ್ಯಗಳನ್ನು ಪಟ್ಟಿ ಮಾಡುವ ಸಾಂಸ್ಕೃತಿಕ ಅಧ್ಯಯನ. ಇನ್ನೊಂದು, ಊಟವನ್ನು ಜಾತಿಯ ಕುರುಹಾಗಿ ಓದುವ ಸಾಮಾಜಿಕ ವಿಮರ್ಶೆ. ಮೊದಲನೆಯದು ಅಡುಗೆಯನ್ನು ಕಂಡಿತು, ಉಣ್ಣುವವರನ್ನು ಕಾಣಲಿಲ್ಲ. ಎರಡನೆಯದು ಉಣ್ಣುವವರ ಸ್ಥಾನವನ್ನು ಕಂಡಿತು, ಅವರ ರುಚಿಯನ್ನು ಕಾಣಲಿಲ್ಲ. ಈ ಎರಡರ ನಡುವೆ ಜಾರಿಹೋದ 'ನೆನಪು' ಎಂಬ ಅಂಶವನ್ನು ಕೆಲವು ಪಠ್ಯಗಳ ಮೂಲಕ ಹಿಡಿಯಲು ಈ ಬರಹ ಯತ್ನಿಸುತ್ತದೆ.

2

ಪಾಕಶಾಸ್ತ್ರದಿಂದಲೇ ಆರಂಭಿಸಬಹುದು. ಹನ್ನೊಂದನೆಯ ಶತಮಾನದ ಪೂರ್ವಾರ್ಧದ, 1025ರ ಸುಮಾರಿನ, ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಗೆ ಮೀಸಲಾದ ಭಾಗವಿದೆ. ಹದಿನಾರನೆಯ ಶತಮಾನದ ಆರಂಭದ ಜೈನ ಕವಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ವೆಂಬ ಇಡೀ ಗ್ರಂಥವನ್ನು ಷಟ್ಪದಿಯಲ್ಲಿ ಬರೆದಿದ್ದಾನೆ. ಎರಡರಲ್ಲಿಯೂ ಅಕ್ಕಿ, ಬೇಳೆ, ಹಿಟ್ಟು, ಹಾಲು, ತರಕಾರಿಗಳ ಸಮೃದ್ಧ ಲೋಕವಿದೆ. ಮಾಂಸದ ಪಾಕ ಇಲ್ಲ.

ಈ ಎರಡು ಕೃತಿಗಳ ನಡುವೆ, ಕನ್ನಡ ನಾಡಿನ ನಟ್ಟನಡುವೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ 1129ರ ಸುಮಾರಿಗೆ ಸಿದ್ಧವಾದ 'ಮಾನಸೋಲ್ಲಾಸ' ನಿಂತಿದೆ. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರ ಮತ್ತೊಂದು ಹೆಸರು. ಅದರ ಅನ್ನಭೋಗ ಪ್ರಕರಣದಲ್ಲಿ ಹಂದಿಯ ರೋಮ ತೆಗೆಯುವ ಬಗೆಯಿಂದ ಹಿಡಿದು ಯಕೃತ್ತು, ಕರುಳುಗಳನ್ನು ಹದಗೊಳಿಸುವ ಬಗೆಯವರೆಗೆ, ಮೀನು, ಏಡಿ, ಆಮೆ, ಗದ್ದೆಯ ಇಲಿಯವರೆಗೆ ಪಾಕಗಳು ವಿವರವಾಗಿ ಬಂದಿವೆ. ಆದರೆ ಗ್ರಂಥ ಸಂಸ್ಕೃತದಲ್ಲಿದೆ. ಕಲ್ಯಾಣದ ಅರಮನೆಯ ಅಡುಗೆಯವರು ಪರಸ್ಪರ ಮಾತನಾಡಿದ್ದು ಕನ್ನಡದಲ್ಲಿಯೇ ಇರಬೇಕು. ಹೊಗೆ ಆಡಿಸುವುದಕ್ಕೆ, ಸೀಳುವುದಕ್ಕೆ, ಹುಳಿ ಹಿಂಡುವುದಕ್ಕೆ ಅವರಿಗೆ ಕನ್ನಡದ ಮಾತುಗಳಿದ್ದಿರಬೇಕು. ಆ ಮಾತುಗಳು ಲೇಖನಕ್ಕೆ ಏರುವಾಗ ಸಂಸ್ಕೃತದ ಶ್ಲೋಕಗಳಾದವು. ಕನ್ನಡದಲ್ಲಿಯೇ ಉಳಿದ ಅಡುಗೆಯ ಪಠ್ಯಗಳು ಸಸ್ಯಾಹಾರಕ್ಕೆ ಸೀಮಿತವಾದವು.

ಇದನ್ನು ಒಂದು ಸಂಚು ಎಂದು ಓದುವುದು ಆತುರವಾದೀತು. ಗ್ರಂಥ ಬರೆಯುವವರ ಧರ್ಮ, ಅದನ್ನು ಪ್ರತಿಮಾಡಿ ಕಾಪಾಡಿದ ಬಸದಿ ಮಠಗಳ ಶಿಸ್ತು ಇಂಥ ಆಯ್ಕೆಯನ್ನು ಸಹಜವಾಗಿಯೇ ಮಾಡುತ್ತವೆ. ನಾವು ಗಮನಿಸಬೇಕಾದುದು ಪರಿಣಾಮವನ್ನು. ರಾಜಭೋಗವಾಗಿ ಬಂದಾಗ ಮಾಂಸ ಶಾಸ್ತ್ರವಾಗಬಲ್ಲುದು. ಮನೆಯ ಊಟವಾಗಿ ಬಂದಾಗ ಅದಕ್ಕೆ ಗ್ರಂಥವಿಲ್ಲ. ಮಾನಸೋಲ್ಲಾಸದಲ್ಲಿಯೂ ರುಚಿ ಇದೆ, ಹದವಿದೆ, ವೈಭವವಿದೆ. ಯಾರದೇ ಅಜ್ಜಿ ಇಲ್ಲ. ಉಣ್ಣುವವನು ದೊರೆ, ದೊರೆಗೆ ಭೋಗವಿದೆ, ಅವನ ಊಟಕ್ಕೆ ಬಾಲ್ಯವಿಲ್ಲ.

3

ಕಾವ್ಯದ ಕಡೆಗೆ ಬಂದರೆ ಮಾಂಸಭೋಜನದ ಚಿತ್ರಗಳಿಗೆ ಕೊರತೆಯಿಲ್ಲ. ಆದರೆ ಅಲ್ಲಿ ಉಣ್ಣುವವರು ಯಾರು? ಯುದ್ಧವರ್ಣನೆಯ ಸಂಪ್ರದಾಯದಲ್ಲಿ ರಣರಂಗದ ಔತಣ ಮರುಳುಗಳಿಗೆ ಮೀಸಲು. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುವಾಗ ಮರುಳುಗಳು ಅವನನ್ನು ಮಾತಿಗೆಳೆಯುತ್ತವೆ. ಬೇಟೆಯ ವರ್ಣನೆಗಳಲ್ಲಿ ನಾಯಿ, ಬಲೆ, ಓಟ, ಹೊಡೆತ ಎಲ್ಲ ಇದ್ದು ಬೇಟೆಯ ನಂತರದ ಒಲೆ ಅಷ್ಟಾಗಿ ಕಾಣಿಸುವುದಿಲ್ಲ. ಕೊಲ್ಲುವುದು ವೀರರಸಕ್ಕೆ ಸಲ್ಲುತ್ತದೆ, ತಿನ್ನುವುದು ಬೀಭತ್ಸಕ್ಕೆ. ಮನೆಯವರೆಲ್ಲ ಕೂಡಿ ಉಣ್ಣುವ ತೃಪ್ತಿಗೆ ಅಲಂಕಾರಶಾಸ್ತ್ರದ ರಸಗಳ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವಿಲ್ಲದಿರುವುದನ್ನೂ ಇಲ್ಲಿ ನೆನೆಯಬಹುದು.

ಇಂಥ ಪರಂಪರೆಯಲ್ಲಿ ಮಾಂಸದ ಊಟ, ಕುಟುಂಬ ಮತ್ತು ನೆನಪು, ಈ ಮೂರನ್ನೂ ಒಂದೇ ಎಲೆಯಲ್ಲಿ ಬಡಿಸಿದ ಕೃತಿ ಜನ್ನನ 'ಯಶೋಧರ ಚರಿತೆ' (1209). ಕಥೆ ಓದುಗರಿಗೆ ಪರಿಚಿತ. ಚಂಡಮಾರಿಗೆ ಬಲಿಯಾಗಲು ಬಂದ ಅಭಯರುಚಿ, ಬಲಿ ಕೊಡಲು ನಿಂತ ಮಾರಿದತ್ತನಿಗೆ ತನ್ನ ಹಿಂದಿನ ಜನ್ಮಗಳ ಕಥೆ ಹೇಳುತ್ತಾನೆ. ಯಶೋಧರನಾಗಿದ್ದಾಗ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಸಂಕಲ್ಪಹಿಂಸೆಗಾಗಿ ತಾಯಿ ಮಗ ಇಬ್ಬರೂ ಜನ್ಮದಿಂದ ಜನ್ಮಕ್ಕೆ ಪ್ರಾಣಿಗಳಾಗಿ ಹುಟ್ಟುತ್ತಾರೆ. ಈ ಭವಾವಳಿಯ ಅತ್ಯಂತ ಘೋರವಾದ ತಿರುವು ಅಡುಗೆಮನೆಯಲ್ಲಿದೆ. ಮೀನಾಗಿ ಹುಟ್ಟಿದ ತಂದೆ ಮಗನ ಮನೆಯ ಪಾಕಕ್ಕೆ ಬರುತ್ತಾನೆ. ಯಾವ ತಂದೆಯ ಸದ್ಗತಿಗಾಗಿ ಶ್ರಾದ್ಧ ನಡೆಯುತ್ತಿದೆಯೋ ಆ ತಂದೆಯೇ ಶ್ರಾದ್ಧದ ಪದಾರ್ಥ. ಮಗ ಯಶೋಮತಿಗೆ ಇದು ತಿಳಿಯದು. ಅವನ ದೃಷ್ಟಿಯಲ್ಲಿ ಅವನು ಮಾಡುತ್ತಿರುವುದು ಪಿತೃಭಕ್ತಿ.

ವಿಮರ್ಶಕರು ಈ ಪ್ರಸಂಗವನ್ನು ಅಹಿಂಸೆಯ ಪ್ರತಿಪಾದನೆಯೆಂದೋ ವೈದಿಕ ಶ್ರಾದ್ಧದ ಖಂಡನೆಯೆಂದೋ ಓದಿದ್ದಾರೆ. ಎರಡೂ ಸರಿಯೆ. ಆದರೆ ನಿರೂಪಣೆಯ ದೃಷ್ಟಿಯಿಂದ ಜನ್ನ ಮಾಡಿರುವ ಕೆಲಸ ಇದಕ್ಕಿಂತ ಸೂಕ್ಷ್ಮವಾದುದು. ಊಟದ ನೆನಪು ಸಾಮಾನ್ಯವಾಗಿ ಉಂಡವನದು. 'ಅಂದು ಉಂಡೆವು' ಎಂದು ಹೇಳುವವನು ಉಳಿದಿರುತ್ತಾನೆ, ಊಟವಾದುದು ಉಳಿದಿರುವುದಿಲ್ಲ. ಜನ್ನನ ಕಾವ್ಯದಲ್ಲಿ ಇದು ತಿರುವುಮುರುವಾಗಿದೆ. ಉಂಡವನಾದ ಯಶೋಮತಿಗೆ ನೆನಪಿಲ್ಲ; ಊಟವಾದವನಿಗೆ ಜಾತಿಸ್ಮರಣೆಯಿದೆ. ಮಾರಿದತ್ತನ ಮನಸ್ಸು ತಿರುಗುವುದು ತರ್ಕದಿಂದಲ್ಲ, ಈ ನೆನಪನ್ನು ಕೇಳಿದುದರಿಂದ. ಜೈನಕಾವ್ಯ ಅಹಿಂಸೆಯನ್ನು ಬೋಧಿಸಿತು ಎನ್ನುವುದಕ್ಕಿಂತ ತಿನ್ನಲ್ಪಟ್ಟ ಜೀವಕ್ಕೆ ಉತ್ತಮಪುರುಷ ಏಕವಚನವನ್ನು ಕೊಟ್ಟಿತು ಎನ್ನುವುದು ಹೆಚ್ಚು ನಿಖರ.

ಈ ದೃಷ್ಟಿಯಿಂದ ನೋಡಿದರೆ ಇದು ಜೈನರಿಗೆ ಮಾತ್ರ ಸೀಮಿತವಾಗಿಲ್ಲವೆಂಬುದು ಗೋಚರಿಸುತ್ತದೆ. ಹಬ್ಬಕ್ಕೆಂದು ತಂದ ಹರಕೆಯ ಕುರಿ ತೋರಣದ ತಳಿರನ್ನೇ ಮೇಯುವ ಚಿತ್ರ ಬಸವಣ್ಣನವರ ವಚನವೊಂದರಲ್ಲಿ ಬರುತ್ತದೆ. ಅಲ್ಲಿ ಹಬ್ಬದ ಸಿದ್ಧತೆಯನ್ನು ನಾವು ಕಾಣುವುದು ಕುರಿಯ ಬಾಯಿಯ ಬಳಿಯಿಂದ. ಗೋವಿನ ಹಾಡಿನಲ್ಲಿ ಹಸಿದ ಹುಲಿಯ ಮುಂದೆ ಪುಣ್ಯಕೋಟಿ ತನ್ನ ಮೈಯನ್ನು ತಾನೇ ಊಟವಾಗಿ ಒಪ್ಪಿಸುತ್ತದೆ. ಮಾತನಾಡುವುದು ಆಹಾರ, ನಾಚಿ ಸಾಯುವುದು ಉಣ್ಣಬೇಕಾದ ಜೀವ. ಮೂರು ಭಿನ್ನ ಪರಂಪರೆಗಳ ಮೂರು ಪಠ್ಯಗಳಲ್ಲಿ ಒಂದೇ ವಿನ್ಯಾಸ: ಊಟದ ಕಥೆಯನ್ನು ಹೇಳುವ ಹಕ್ಕು ಊಟವಾಗುವವರಿಗೆ.

ಇದು ಕನ್ನಡ ಸಾಹಿತ್ಯದ ದೊಡ್ಡ ನೈತಿಕ ಸಾಧನೆ. ಇದನ್ನು ಮೇಲ್ಜಾತಿಯ ಮಡಿಯ ಮುಖವಾಡವೆಂದು ತಳ್ಳಿಹಾಕುವ ಓದು ಈಚೆಗೆ ಅಲ್ಲಲ್ಲಿ ಕಾಣಿಸಿಕೊಳ್ಳುತ್ತಿದೆ. ಅದನ್ನು ಒಪ್ಪುವುದು ಕಷ್ಟ. ಜನ್ನ ಗುರಿಯಾಗಿಸಿದ್ದು ಬಡವರ ಮಡಕೆಯನ್ನಲ್ಲ, ಅರಮನೆಯ ಪಾಕಶಾಲೆಯನ್ನು ಮತ್ತು ದೊರೆಯ ಬಲಿಪೀಠವನ್ನು. ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ' (1980) ನಾಟಕದಲ್ಲಿ ಈ ವಸ್ತುವಿಗೆ ಮರಳಿದಾಗಲೂ ಅವರನ್ನು ಕಾಡಿದ್ದು ಆಹಾರದ ಪ್ರಶ್ನೆಯಲ್ಲ, ಸಂಕಲ್ಪ ಮತ್ತು ಕ್ರಿಯೆಗಳ ನಡುವಣ ಹಿಂಸೆಯ ಪ್ರಶ್ನೆ. ಆದರೆ ಒಂದು ಸಾಧನೆಗೆ ತಗಲುವ ಬೆಲೆಯೂ ಇರುತ್ತದೆ. ಊಟವಾದವರಿಗೆ ದನಿ ದೊರೆತ ಈ ಪರಂಪರೆಯಲ್ಲಿ ಉಂಡವರು ಮೂಕರಾದರು. ಯಶೋಮತಿ ತಂದೆಯನ್ನು ಯಾವ ಪ್ರೀತಿಯಿಂದ ನೆನೆದು ಆ ಊಟಕ್ಕೆ ಏರ್ಪಾಡು ಮಾಡಿದನೆಂಬುದನ್ನು ಕಾವ್ಯ ವಿಡಂಬನೆಯ ಹೊರತು ಬೇರೆ ರೀತಿಯಲ್ಲಿ ಹೇಳಲಾರದು.

4

ಇದಕ್ಕೆ ಮಧ್ಯಯುಗದಲ್ಲಿಯೇ ಒಂದು ಮಹತ್ತ್ವದ ಅಪವಾದವಿದೆ: ಹರಿಹರನ 'ಕಣ್ಣಪ್ಪನ ರಗಳೆ'. ತಮಿಳುನಾಡಿನ ಅರುವತ್ತುಮೂವರು ಪುರಾತನರ ಕಥೆಗಳೊಡನೆ ಕನ್ನಡಕ್ಕೆ ಬಂದ ಈ ಬೇಡ, ತಾನು ಕೊಂದ ಮಿಗದ ಅಡಗನ್ನು ಹದಗೊಳಿಸಿ, ಬಾಯಲ್ಲಿಟ್ಟು ರುಚಿ ನೋಡಿ, ಒಳ್ಳೆಯದೆನಿಸಿದುದನ್ನು ಶಿವನಿಗೆ ಅರ್ಪಿಸುತ್ತಾನೆ. ಭಕ್ತಿಯ ವಿಮರ್ಶೆ ಈ ಪ್ರಸಂಗದಲ್ಲಿ ಎಂಜಲಿನ ಮೀರುವಿಕೆಯನ್ನು ಕಂಡಿದೆ. ಆದರೆ ಅಡುಗೆಯ ಅನುಭವವುಳ್ಳ ಯಾರೇ ಓದಿದರೂ ಇಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ರುಚಿ ನೋಡಿ ಬಡಿಸುವುದು ಎಂಜಲು ಮಾಡುವುದಲ್ಲ. ಉಣ್ಣುವವರ ನಾಲಗೆಯನ್ನು ತನ್ನ ನಾಲಗೆಯಲ್ಲಿ ಮುಂಚಿತವಾಗಿ ಅನುಭವಿಸುವುದು. ಬೆಂದಿದೆಯೇ, ಗಟ್ಟಿಯೇ, ಮೂಳೆ ತಾಗುವುದೇ ಎಂದು ಮಗುವಿನ ತುತ್ತನ್ನು ತಾಯಿ ಪರೀಕ್ಷಿಸುವ ಕ್ರಮ ಇದೇ.

ಹರಿಹರನ ಈ ರಗಳೆಯಲ್ಲಿ ಮಾಂಸದ ಪಾಕ ಮೊದಲ ಬಾರಿಗೆ ವಾತ್ಸಲ್ಯದ ಭಾಷೆಯಾಗುತ್ತದೆ. ಮುಂದೆ ಕಣ್ಣು ಕಿತ್ತುಕೊಡುವ ಕಣ್ಣಪ್ಪನನ್ನು ಎಲ್ಲರೂ ನೆನೆಯುತ್ತಾರೆ. ಬೇಯಿಸಿ ತಂದ ಕಣ್ಣಪ್ಪನನ್ನು ನೆನೆಯುವವರು ಕಡಿಮೆ. ವಾಸ್ತವವಾಗಿ ಕಣ್ಣನ್ನು ಕೊಡುವ ತ್ಯಾಗ ರುಚಿಯನ್ನು ಕೊಟ್ಟ ಪ್ರೀತಿಯ ಮುಂದುವರಿಕೆಯೇ ಆಗಿದೆ. ಎರಡೂ ಸಂದರ್ಭಗಳಲ್ಲಿ ಅವನು ತನ್ನ ಇಂದ್ರಿಯವೊಂದನ್ನು ಇನ್ನೊಬ್ಬರಿಗಾಗಿ ಬಳಸುತ್ತಾನೆ. ಜನ್ನನ ಪಕ್ಕದಲ್ಲಿ ಹರಿಹರನನ್ನು ಇಟ್ಟು ಓದಿದಾಗಲೇ ಕನ್ನಡ ಮಧ್ಯಯುಗದ ಮನಸ್ಸು ಮಾಂಸದೂಟದ ಬಗ್ಗೆ ಏಕಾಭಿಪ್ರಾಯ ಹೊಂದಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಆದರೂ ಕಣ್ಣಪ್ಪ ಕಾಡಿನವನು, ಪುರಾತನ. ಅವನ ಒಲೆ ಮನೆಯ ಒಲೆಯಲ್ಲ. ಮನೆಯೊಳಗಿನ ಬಾಡೂಟ ಲಿಖಿತ ಕಾವ್ಯದ ಹೊರಗೇ ಉಳಿಯಿತು.

5

ಹೊರಗೆ ಉಳಿದುದು ಇಲ್ಲವಾಗಲಿಲ್ಲ. ಮೌಖಿಕ ಪರಂಪರೆ ಮತ್ತು ಆಚರಣೆಗಳು ಅದನ್ನು ಹಿಡಿದಿಟ್ಟವು. ಮಂಟೇಸ್ವಾಮಿ ಮಹಾಕಾವ್ಯದಲ್ಲಿ ಕಲ್ಯಾಣದ ಬಾಗಿಲಿಗೆ ಬರುವ ಗುರು ಸತ್ತ ಕರುವನ್ನು ಹೊತ್ತೇ ಬರುತ್ತಾನೆ. ಒಳಗಿರುವ ಶರಣರ ಸಮತೆಯನ್ನು ಹೊರಗಿನವರ ಆಹಾರದಿಂದ ಪರೀಕ್ಷಿಸುತ್ತಾನೆ. ಇದೇ ಪರಂಪರೆಯ ಸಿದ್ಧಪ್ಪಾಜಿಯ ಹೆಸರಿನಲ್ಲಿ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಜನವರಿಯ ಸುಮಾರಿಗೆ ಐದು ದಿನಗಳ ಜಾತ್ರೆ ನಡೆಯುತ್ತದೆ. ಅದರಲ್ಲಿ ಒಂದು ದಿನ ಪಂಕ್ತಿಸೇವೆ: ಬಿಡಾರ ಹೂಡಿದ ಕುಟುಂಬಗಳು ಅಲ್ಲಿಯೇ ಬಾಡಿನ ಅಡುಗೆ ಮಾಡಿ, ಸಾಲಾಗಿ ಕುಳಿತು, ಬಂದವರೊಡನೆ ಹಂಚಿಕೊಂಡು ಉಣ್ಣುವ ಪದ್ಧತಿ. 1959ರ ಪ್ರಾಣಿಬಲಿ ನಿಷೇಧ ಕಾಯ್ದೆಯನ್ನು ಮುಂದಿಟ್ಟು ಈಚಿನ ವರ್ಷಗಳಲ್ಲಿ ಆಡಳಿತ ಇದಕ್ಕೆ ತಡೆಯೊಡ್ಡಿದಾಗ ಒಕ್ಕಲಿನವರು ಮುಂದಿಟ್ಟ ವಾದ ಸಾಹಿತ್ಯದ ವಿದ್ಯಾರ್ಥಿಗಳು ಕಿವಿಗೊಡಬೇಕಾದುದು: ಇದು ಬಲಿಯಲ್ಲ, ಊಟ. ಬಲಿ ಎಂಬ ಪದ ದೇವರನ್ನು ಕೇಂದ್ರದಲ್ಲಿ ಇರಿಸುತ್ತದೆ. ಪಂಕ್ತಿ ಎಂಬ ಪದ ಪಕ್ಕದಲ್ಲಿ ಕುಳಿತವರನ್ನು. ಮಾರಿದತ್ತನ ಬಲಿಪೀಠವನ್ನು ಮಾತ್ರ ಕಂಡ ಕಣ್ಣಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಮನೆಯ ಆಚರಣೆಗಳಲ್ಲಿ ಎರಡನ್ನು ಇಲ್ಲಿ ಗಮನಿಸಬೇಕು. ಯುಗಾದಿಯ ಮರುದಿನದ ಹೊಸತೊಡಕು ಮೊದಲನೆಯದು. ಹಿಂದಿನ ದಿನ ಬೇವು ಬೆಲ್ಲ, ಒಬ್ಬಟ್ಟುಗಳ ದಿನ. ಮರುದಿನ ಊರಿನವರು ಕೂಡಿ ಕುರಿ ಕೊಂಡು, ಕೊಯ್ದು, ತೂಕದ ತಕ್ಕಡಿಯಿಲ್ಲದೆ ಗುಡ್ಡೆಗಳಾಗಿ ಹಂಚಿಕೊಳ್ಳುವ ದಿನ. ಒಂದೊಂದು ಗುಡ್ಡೆಯಲ್ಲಿಯೂ ಮೆತ್ತನೆಯ ಮಾಂಸ, ಮೂಳೆ, ಈಲಿ, ಕೊಬ್ಬು ಎಲ್ಲವೂ ಸ್ವಲ್ಪ ಸ್ವಲ್ಪ ಬೀಳಬೇಕು. ಹಂಚುವವನ ಕೈಯ ನ್ಯಾಯವನ್ನು ಇಡೀ ಊರು ನೋಡುತ್ತಿರುತ್ತದೆ. ಆ ಗುಡ್ಡೆ ಮನೆಗೆ ಬಂದ ಮೇಲೆ ಎರಡನೆಯ ಹಂಚಿಕೆ ಸೌಟಿನಿಂದ ನಡೆಯುತ್ತದೆ. ಅದು ಹೆಂಗಸಿನ ಕೈಯಲ್ಲಿದೆ. ಯಾರಿಗೆ ಈಲಿ, ಯಾರಿಗೆ ನಲ್ಲಿಮೂಳೆ, ಯಾರ ಮುದ್ದೆಗೆ ಬರೀ ಸಾರು ಎಂಬುದು ಆ ಮನೆಯ ಅಲಿಖಿತ ಸಂವಿಧಾನ. ಕುಟುಂಬದ ನೆನಪುಗಳಲ್ಲಿ ಅಜ್ಜಿ ತನಗೆ ತುಂಡು ಉಳಿಯದಂತೆ ಬಡಿಸಿದ ಸಂಗತಿ ಮತ್ತೆ ಮತ್ತೆ ಕೇಳಿಬರುವುದು ಇದರಿಂದಲೇ.

ಎರಡನೆಯದು ಪಿತೃಪಕ್ಷದ ಎಡೆ. ಹಳೆಯ ಮೈಸೂರಿನ ಅನೇಕ ಸಮುದಾಯಗಳಲ್ಲಿ ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ತೀರಿಕೊಂಡ ಹಿರಿಯರಿಗೆ ಹೊಸಬಟ್ಟೆಯ ಮುಂದೆ ಎಲೆ ಹಾಕಿ, ಅವರು ಬದುಕಿದ್ದಾಗ ಇಷ್ಟಪಡುತ್ತಿದ್ದುದನ್ನು ಬಡಿಸುತ್ತಾರೆ. ಅಪ್ಪನಿಗೆ ಕೋಳಿಸಾರು ಇಷ್ಟವಿದ್ದರೆ ಕೋಳಿಸಾರು, ಅಜ್ಜನಿಗೆ ತಲೆಮಾಂಸ ಬೇಕಿದ್ದರೆ ತಲೆಮಾಂಸ. ಬೀಡಿ, ಎಲೆಯಡಿಕೆ, ಹೆಂಡ ಕೂಡ. ಮನೆಯವರು ಬಾಗಿಲು ಮುಂದಕ್ಕೆಳೆದು ಹೊರಗೆ ಸ್ವಲ್ಪ ಹೊತ್ತು ಕಾಯುವ ರೂಢಿ ಕೆಲವು ಕಡೆಗಳಲ್ಲಿದೆ. ಇದನ್ನು ಜನ್ನನ ಶ್ರಾದ್ಧದ ಪ್ರಸಂಗದ ಎದುರಿಗೆ ಇಟ್ಟು ನೋಡಬೇಕು. ಎರಡರಲ್ಲಿಯೂ ಸತ್ತ ತಂದೆ, ಬದುಕಿರುವ ಮಗ, ಮಾಂಸದ ಅಡುಗೆ ಇವೆ. ಜನ್ನನಲ್ಲಿ ತಂದೆ ಎಲೆಯ ಮೇಲಿದ್ದಾನೆ. ಎಡೆಯಲ್ಲಿ ತಂದೆ ಎಲೆಯ ಮುಂದಿದ್ದಾನೆ. ಜನ್ನನಲ್ಲಿ ನೆನಪು ಸತ್ತವನದು, ಮಗನದು ಮರೆವು. ಎಡೆಯಲ್ಲಿ ನೆನಪು ಬದುಕಿದವರದು. ಅದರಲ್ಲಿಯೂ, ಸತ್ತವನ ನಾಲಗೆಯ ಆಸೆಗಳನ್ನು ವರ್ಷದಿಂದ ವರ್ಷಕ್ಕೆ ಕಾಪಿಟ್ಟುಕೊಂಡು ಅದೇ ಹದಕ್ಕೆ ಬೇಯಿಸುವ ಸೊಸೆಯದು. ಮಾವನನ್ನು ಕಾಣದ ಸೊಸೆಯೂ ಅತ್ತೆಯಿಂದ ಕಲಿತು ಆ ಖಾರದ ಪ್ರಮಾಣವನ್ನು ತಪ್ಪದೆ ಪಾಲಿಸುತ್ತಾಳೆ. ಚರಿತ್ರೆಯಲ್ಲಿ ಹೆಸರುಳಿಯದ ಒಬ್ಬ ರೈತನ ಬಗ್ಗೆ ಮೂರನೆಯ ತಲೆಮಾರಿನವರಿಗೆ ಖಚಿತವಾಗಿ ತಿಳಿದಿರುವ ಏಕೈಕ ಸಂಗತಿ ಅವನಿಗೆ ಯಾವ ಸಾರು ಇಷ್ಟವಿತ್ತೆಂಬುದೇ ಆಗಿರಬಹುದು. ಇದು ಲಿಪಿಯಿಲ್ಲದ ಚರಿತ್ರಲೇಖನ.

ಇಂಥ ಸ್ಮೃತಿಯನ್ನು ಮುದ್ರಣಕ್ಕೆ ತರುವ ಪ್ರಯತ್ನ ನಮ್ಮಲ್ಲಿ ಆಗಿಲ್ಲವೆಂದಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಹಬ್ಬ, ನಡಾವಳಿಗಳನ್ನು ಕನ್ನಡ ಲಿಪಿಯಲ್ಲಿ ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಪ್ರಕಟಿಸಿದರು. ಆಯುಧಪೂಜೆ, ಬೇಟೆ, ಹಂದಿಮಾಂಸ, ಕಡುಬುಗಳಿಂದ ಕೂಡಿದ ಕೈಲುಪೊಳ್ದ್ ಹಬ್ಬ ಕೊಡವರಿಗೆ ನಾಚಿಕೆಯ ವಿಷಯವಾಗದೆ ಅಸ್ಮಿತೆಯ ವಿಷಯವಾಗಿ ಉಳಿದುಬಂದುದರ ಹಿಂದೆ ಇಂಥ ದಾಖಲೆಗಳ ಪಾತ್ರವೂ ಇದೆ. ಬಯಲುಸೀಮೆಯ ಹೊಸತೊಡಕಿಗೆ, ಎಡೆಗೆ ಇಂಥದೊಂದು ಗ್ರಂಥ ದೊರೆಯಲಿಲ್ಲ.

6

ಆಧುನಿಕ ಸಾಹಿತ್ಯದಲ್ಲಿ ಈ ಕೊರತೆಯನ್ನು ಮೊದಲು ತುಂಬಿದವರು ಕುವೆಂಪು. 'ಮಲೆನಾಡಿನ ಚಿತ್ರಗಳು' (1933) ಬಾಲ್ಯದ ಮನೆ ಕಾಡುಗಳ ನೆನಪಿನಿಂದ ಬೇಟೆಯ ಜಗತ್ತನ್ನು ಎತ್ತಿಕೊಟ್ಟಿತು. 'ಕಾನೂರು ಹೆಗ್ಗಡಿತಿ' (1936) ಮತ್ತು 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಗಳಲ್ಲಿ ಬೇಟೆ, ತುಂಡು, ಕಡುಬು, ಕಳ್ಳು ಬದುಕಿನ ನಿತ್ಯದ ವಿವರಗಳಾಗಿ ಬಂದವು. ಇಲ್ಲಿ ಮಾಂಸದೂಟ ಬೀಭತ್ಸಕ್ಕೂ ರಾಜಭೋಗಕ್ಕೂ ಸೇರದೆ, ಹೆಗ್ಗಡೆಯ ಮನೆಯ ಜಗಲಿಗೂ ಆಳಿನ ಬಿಡಾರಕ್ಕೂ ಸೇರಿದ ಸಾಮಾನ್ಯ ಸಂಗತಿಯಾಯಿತು. ಅದೇ ವೇಳೆಗೆ ಯಾವ ತುಂಡು ಜಗಲಿಗೆ, ಯಾವುದು ಬಿಡಾರಕ್ಕೆ ಎಂಬ ಶ್ರೇಣೀಕರಣವೂ ಕಾಣಿಸಿತು. ಗುತ್ತಿಯ ನಾಯಿ ಹುಲಿಯನಿಗೂ ಪಾಲುಂಟು ಎನ್ನಿಸುವ ಈ ಲೋಕದಲ್ಲಿ ಊಟವಾಗುವ ಪ್ರಾಣಿಯ ಬಗ್ಗೆ ಕನಿಕರವೂ ಇದೆ, ಊಟದ ಬಗ್ಗೆ ಉತ್ಸಾಹವೂ ಇದೆ. ಜನ್ನ ಮತ್ತು ಹರಿಹರ ಇಬ್ಬರೂ ಒಂದೇ ಚಾವಣಿಯ ಕೆಳಗೆ ವಾಸಿಸುವಂತೆ ತೋರುತ್ತದೆ.

ದೇವನೂರ ಮಹಾದೇವ ಅವರ 'ಒಡಲಾಳ' ಇದನ್ನು ಇನ್ನೊಂದು ದಿಕ್ಕಿಗೆ ಒಯ್ದಿತು. ಸಾಕವ್ವನ ಹುಂಜ ಕಳೆದುಹೋಗಿದೆ. ಅವಳು ಅದನ್ನು ಹುಡುಕುತ್ತಾಳೆ. ಅದೇ ರಾತ್ರಿ ಆ ಮನೆಯವರೆಲ್ಲ ಬೆಂಕಿಯ ಸುತ್ತ ಕುಳಿತು ಉಣ್ಣುವುದು ಕದ್ದು ತಂದ ಕಡಲೆಕಾಯಿಯನ್ನು. ಬಾಡೂಟದ ಸಾಧ್ಯತೆಯೊಂದು ಕಾಣೆಯಾಗಿ ಅದರ ಜಾಗದಲ್ಲಿ ಕಡಲೆಕಾಯಿಯ ಔತಣ ನಡೆಯುತ್ತದೆ. ಸಿಪ್ಪೆಯೂ ಉಳಿಯದಂತೆ ಅದು ಮುಗಿಯಬೇಕಾಗಿದೆ, ಏಕೆಂದರೆ ಬೆಳಗಾದರೆ ಪೊಲೀಸರ ತಪಾಸಣೆಯಿದೆ. ವಿಮರ್ಶೆ ಈ ಕೃತಿಯಲ್ಲಿ ಹಸಿವನ್ನು ಕಂಡಿದೆ. ಆದರೆ ಆ ರಾತ್ರಿಯ ನಗು, ಮಾತು, ಒಬ್ಬರಿಗೊಬ್ಬರು ತಾಗಿ ಕುಳಿತ ಬಿಸುಪು ಹಸಿವಿನ ದಾಖಲೆಯಷ್ಟೇ ಅಲ್ಲ. ತೃಪ್ತಿಯ ದಾಖಲೆಯೂ ಹೌದು. ಮೊಮ್ಮಗ ಶಿವೂ ದೊಡ್ಡವನಾದ ಮೇಲೆ ಏನನ್ನು ನೆನೆಯುತ್ತಾನೆ? ಪೊಲೀಸರನ್ನು ಮಾತ್ರವೆಂದು ನಾವು ಊಹಿಸಿದರೆ ಕೃತಿಯ ಅರ್ಧವನ್ನಷ್ಟೇ ಓದಿದಂತೆ.

ಇಲ್ಲಿಯೇ ನಮ್ಮ ವಿಮರ್ಶೆಯ ಒಂದು ದೋಷ ಎದ್ದು ಕಾಣುತ್ತದೆ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (1994), ಸಿದ್ಧಲಿಂಗಯ್ಯನವರ 'ಊರುಕೇರಿ' (1996) ಮೊದಲಾದ ಆತ್ಮಕಥನಗಳು ಬಂದ ಮೇಲೆ ದಲಿತ ಬದುಕಿನ ವಿವರಗಳು ವಿಪುಲವಾಗಿ ನಮ್ಮ ಮುಂದೆ ಬಂದಿವೆ. ಅವನ್ನು ಓದುವ ಕ್ರಮ ಮಾತ್ರ ಬಹುಮಟ್ಟಿಗೆ ಒಂದೇ: ಊಟವೆಂದರೆ ಅವಮಾನದ ಸಾಕ್ಷ್ಯ. ಅವಮಾನ ನಿಜ, ಅದನ್ನು ಮರೆಸುವಂತಿಲ್ಲ. ಆದರೆ ಒಂದು ಸಮುದಾಯದ ಊಟವನ್ನು ಸದಾ ಸಾಕ್ಷ್ಯವಾಗಿಯೇ ಓದಿ, ರುಚಿಯಾಗಿ ಒಮ್ಮೆಯೂ ಓದದಿರುವುದು ಇನ್ನೊಂದು ಬಗೆಯ ಪಂಕ್ತಿಭೇದ. ಮೇಲಿನವರ ಹೋಳಿಗೆ ತುಪ್ಪಕ್ಕೆ ಸಂಸ್ಕೃತಿಯ ಸ್ಥಾನ, ಕೆಳಗಿನವರ ಬೋಟಿ ಗೊಜ್ಜಿಗೆ ಸಮಸ್ಯೆಯ ಸ್ಥಾನ ಕೊಡುವ ವಿಮರ್ಶೆ ತಾನು ಖಂಡಿಸುವ ಶ್ರೇಣಿಯನ್ನೇ ತನ್ನ ಪರಿಭಾಷೆಯಲ್ಲಿ ಉಳಿಸಿಕೊಳ್ಳುತ್ತದೆ.

7

ಈ ಚರ್ಚೆ ಗ್ರಂಥಾಲಯದೊಳಗಿನದಲ್ಲ ಎಂಬುದನ್ನು 2024ರ ಡಿಸೆಂಬರ್ ತಿಂಗಳು ತೋರಿಸಿಕೊಟ್ಟಿತು. ಮಂಡ್ಯದಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ 87ನೆಯ ಅಧಿವೇಶನ ಡಿಸೆಂಬರ್ 20ರಿಂದ 22ರವರೆಗೆ ನಡೆಯಿತು. ಅದಕ್ಕೆ ಮುಂಚೆ ಪ್ರಕಟವಾದ ನಿಯಮಗಳಲ್ಲಿ ಮದ್ಯ, ತಂಬಾಕುಗಳ ಸಾಲಿನಲ್ಲಿಯೇ ಮಾಂಸಾಹಾರವನ್ನೂ ನಿಷೇಧಿತವೆಂದು ಸೇರಿಸಿದ್ದುದು ವಿವಾದಕ್ಕೆ ಎಡೆಮಾಡಿತು. ಮುದ್ದೆ ಬಾಡಿಗೆ ಹೆಸರಾದ ಸೀಮೆಯಲ್ಲಿ ಸಮ್ಮೇಳನದ ಊಟದಲ್ಲಿ ಬಾಡು ಏಕಿಲ್ಲ ಎಂಬ ಪ್ರಶ್ನೆ ಎದ್ದಿತು. ಸಾವಿರಾರು ಜನರಿಗೆ ಮಾಂಸದ ಅಡುಗೆ ಬಡಿಸುವ ವ್ಯವಸ್ಥೆ ಕಷ್ಟವೆಂಬ ವಾದವನ್ನು ಒಪ್ಪಬಹುದು. ಆದರೆ ಬಡಿಸಲಾಗದಿರುವುದು ಒಂದು, ಮಾದಕ ವಸ್ತುಗಳ ಪಟ್ಟಿಯಲ್ಲಿ ಸೇರಿಸುವುದು ಇನ್ನೊಂದು. ಮೊದಲನೆಯದು ಅಡುಗೆಯ ಮಿತಿ, ಎರಡನೆಯದು ವರ್ಗೀಕರಣ. ಮಾನಸೋಲ್ಲಾಸದ ಮಾಂಸ ಸಂಸ್ಕೃತಕ್ಕೂ ಸೂಪಶಾಸ್ತ್ರದ ಸಸ್ಯ ಕನ್ನಡಕ್ಕೂ ಸೇರಿಕೊಂಡ ಆ ಹಳೆಯ ವರ್ಗೀಕರಣದ ನೆರಳು ಇಲ್ಲಿ ಕಾಣುವುದಿಲ್ಲವೆ?

ಹೊರನಾಡಿನಲ್ಲಿರುವ ಸಂಶೋಧಕರಾದ ನಮಗೆ ಈ ವಿಷಯ ಇನ್ನೊಂದು ಬಗೆಯಲ್ಲಿ ತಟ್ಟುತ್ತದೆ. ಮುಂಬಯಿ, ಪುಣೆ, ದೆಹಲಿಗಳಲ್ಲಿ ಬಾಡಿಗೆಯ ಮನೆ ಹುಡುಕಿದವರಿಗೆಲ್ಲ ಮನೆಯೊಡೆಯರ ಮೊದಲ ಪ್ರಶ್ನೆ ಗೊತ್ತು. ಆ ಪ್ರಶ್ನೆಗೆ ಉತ್ತರವಾಗಿ ಎಷ್ಟೋ ಕನ್ನಡ ಕುಟುಂಬಗಳು ಕಿಟಕಿ ಮುಚ್ಚಿಕೊಂಡು ಅಡುಗೆ ಮಾಡುವುದನ್ನು, ಭಾನುವಾರದ ಸಾರನ್ನು ಊರಿಗೆ ಹೋದಾಗಿನ ಸುಖವೆಂದು ಮುಂದೂಡುವುದನ್ನು ಕಲಿತಿವೆ. ಹೊರನಾಡ ಕನ್ನಡ ಸಂಘಗಳ ಹಬ್ಬದೂಟದ ಪಟ್ಟಿಯಲ್ಲಿ ಬಿಸಿಬೇಳೆಬಾತು, ಹೋಳಿಗೆಗಳು ಕನ್ನಡತನದ ಗುರುತುಗಳಾಗಿ ಸ್ಥಿರಪಟ್ಟಿವೆ. ಮನೆಯಲ್ಲಿ ಅಜ್ಜಿಯ ಮಸಾಲೆಯಲ್ಲಿ ಕುದಿಯುವುದು ಒಂದು ಕನ್ನಡ, ಸಭಾಂಗಣದಲ್ಲಿ ಬಡಿಸುವುದು ಇನ್ನೊಂದು ಕನ್ನಡ ಎಂಬಂತಾಗಿದೆ. ಎರಡನೆಯ ತಲೆಮಾರು ಲಿಪಿಯನ್ನು ಮರೆತ ಮನೆಗಳಲ್ಲಿಯೂ ಉಪ್ಪುಸಾರು, ಬೋಟಿ, ಕೈಮದುಂಡೆ, ತಲೆಮಾಂಸ ಮುಂತಾದ ಪದಗಳು ಉಳಿದಿರುವುದುಂಟು. ಭಾಷೆ ಕೊನೆಗೆ ಬಿಟ್ಟುಹೋಗುವ ಜಾಗ ಅಡುಗೆಮನೆ. ಭಾಷಾಶಾಸ್ತ್ರದ ದೃಷ್ಟಿಯಿಂದಲೂ ಈ ಪದಕೋಶದ ಸಂಗ್ರಹ ಅಗತ್ಯ.

ನಮ್ಮ ನೆರೆಯ ಮರಾಠಿಯಲ್ಲಿ ಈ ಕೆಲಸ ಆರಂಭವಾಗಿದೆ. ಪುಣೆ ವಿಶ್ವವಿದ್ಯಾಲಯದ ಸ್ತ್ರೀ ಅಧ್ಯಯನ ಕೇಂದ್ರದಲ್ಲಿ ಶರ್ಮಿಳಾ ರೇಗೆ ಮತ್ತು ಅವರ ಸಹೋದ್ಯೋಗಿಗಳು ದಲಿತರ ಆಹಾರದ ಚರಿತ್ರೆ ಮತ್ತು ನೆನಪುಗಳನ್ನು ಕುರಿತು 2009ರಲ್ಲಿ ಪುಸ್ತಕವೊಂದನ್ನು ಹೊರತಂದರು. ಶಾಹು ಪಾಟೋಳೆಯವರು ಮರಾಠವಾಡದ ದಲಿತರ ಅಡುಗೆಯನ್ನು ಕುರಿತು 2015ರಲ್ಲಿ ಬರೆದ 'ಅನ್ನ ಹೇ ಅಪೂರ್ಣಬ್ರಹ್ಮ' ಪಾಕವಿಧಾನ ಮತ್ತು ಆತ್ಮಕಥನಗಳನ್ನು ಒಂದಾಗಿಸಿದೆ. ಅದರ ಇಂಗ್ಲಿಷ್ ಅನುವಾದ 2024ರಲ್ಲಿ ಬಂದಿದೆ. ಮರಾಠವಾಡ ಒಂದು ಕಾಲಕ್ಕೆ ನಮ್ಮ ಬೀದರ, ಕಲಬುರಗಿ, ರಾಯಚೂರುಗಳೊಡನೆ ನಿಜಾಮನ ಸಂಸ್ಥಾನದಲ್ಲಿ ಒಂದಾಗಿದ್ದ ಪ್ರದೇಶ. ಅಲ್ಲಿನ ಒಣಮಾಂಸದ, ಜೋಳದ ರೊಟ್ಟಿಯ ನೆನಪುಗಳಿಗೂ ಕಲ್ಯಾಣ ಕರ್ನಾಟಕದ ನೆನಪುಗಳಿಗೂ ಇರುವ ನಂಟನ್ನು ಹೈದರಾಬಾದು, ಪುಣೆಗಳಲ್ಲಿರುವ ಕನ್ನಡ ಸಂಶೋಧಕರು ಪರಿಶೀಲಿಸಬಹುದಾಗಿದೆ. ಎರಡೂ ಭಾಷೆಗಳನ್ನು ಬಲ್ಲವರು ಹೊರನಾಡಿನಲ್ಲಿಯೂ ಇದ್ದಾರೆಂಬುದು ನಮ್ಮ ಅನುಕೂಲ.

ಇಂಥ ಸಂಗ್ರಹಕ್ಕೆ ತೊಡಗುವವರು ಮೂರು ಸಂಗತಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು, ಪಾಕವಿಧಾನವನ್ನು ಮಾತ್ರ ಬರೆದುಕೊಳ್ಳದೆ ಹಂಚಿಕೆಯ ಕ್ರಮವನ್ನೂ ಬರೆದುಕೊಳ್ಳಬೇಕು. ಯಾರು ಕೊನೆಗೆ ಉಂಡರು ಎಂಬುದೂ ಪಾಕದ ಭಾಗವೇ. ಎರಡು, ಹೇಳುವವರ ಮಾತನ್ನು ಶಿಷ್ಟಭಾಷೆಗೆ ತಿದ್ದಬಾರದು. ಬಾಡು 'ಮಾಂಸಾಹಾರ'ವಾದ ಕೂಡಲೇ ನೆನಪಿನ ಅರ್ಧ ಸೋರಿಹೋಗುತ್ತದೆ. ಮೂರು, ಸಾಕಿದ ಪ್ರಾಣಿಯ ಬಗ್ಗೆ ಕೇಳಬೇಕು. ಕೈಯಾರೆ ಮೇವು ಹಾಕಿ ಬೆಳೆಸಿದ ಹೋತ ಹಬ್ಬಕ್ಕೆ ಹೋದಾಗ ಆ ದಿನ ಊಟ ಬಿಟ್ಟ ಮಗು ಪ್ರತಿಯೊಂದು ವಂಶದಲ್ಲಿಯೂ ಒಬ್ಬರಾದರೂ ಇರುತ್ತಾರೆ. ಬಾಡೂಟದ ಮನೆಗಳು ಊಟವಾದವರ ದನಿಗೆ ಕಿವುಡಾಗಿರಲಿಲ್ಲ. ಆ ಮಗು ಜನ್ನನನ್ನು ಓದದೆಯೇ ಅದನ್ನು ಕೇಳಿಸಿಕೊಂಡಿತ್ತು. ಜನ್ನನ ಅಭಯರುಚಿಯ ನೆನಪೂ ಸಾಕವ್ವನ ಹುಂಜದ ಹುಡುಕಾಟವೂ ಬೇರೆ ಬೇರೆ ಸಾಹಿತ್ಯಗಳ ಆಸ್ತಿಯಲ್ಲವೆಂದು ತೋರಿಸಬಲ್ಲ ಆಧಾರ ದೊರೆಯುವುದಾದರೆ ಅದು ಇಂಥ ಮನೆಮಾತಿನಲ್ಲಿಯೇ.

ಕೊಂದುದರ ಅಳಲನ್ನೂ ಉಣಿಸಿದುದರ ಪ್ರೀತಿಯನ್ನೂ ಒಂದೇ ನಾಲಗೆ ಹೇಳಬಲ್ಲುದು ಎಂಬುದನ್ನು ಮಧ್ಯಯುಗದ ಕನ್ನಡ ಎರಡು ಬೇರೆ ಕೃತಿಗಳಲ್ಲಿ ಹೇಳಿತು. ಅದನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಓದುವ ಕೆಲಸ ನಮ್ಮದು. ಹೇಳಬಲ್ಲ ಅಜ್ಜಿಯರು ಇರುವಾಗಲೇ ಆ ಕೆಲಸ ಆಗಬೇಕು.